ಬ್ಯಾಡ್ಮಿಂಟನ್ ಬ್ಯಾಟಿನ ಶಾಫ್ಟ್ ಎಷ್ಟು ಸ್ಟಿಫ್ ಇರಬೇಕು? ನಾನು ನೋಡುವ ಕ್ರಮ

ಅಂಗಡಿಯಲ್ಲಿ ಬ್ಯಾಟಿನ ಎರಡೂ ತುದಿ ಹಿಡಿದು ಬಗ್ಗಿಸಿ, ‘ಇದು ಸ್ಟಿಫ್, ಅದು ಫ್ಲೆಕ್ಸಿಬಲ್’ ಎಂದು ತೀರ್ಮಾನಿಸುವವರೇ ಹೆಚ್ಚು. ಅದರಿಂದ ಶಾಫ್ಟಿನ ವಿಷಯ ಸ್ವಲ್ಪ ತಿಳಿಯುತ್ತದೆ, ಆಡುವ ಕೈಯ ವಿಷಯ ಏನೂ ತಿಳಿಯುವುದಿಲ್ಲ. ಉಡುಪಿ ಅಜ್ಜರಕಾಡಿನ ಒಳಾಂಗಣ ಕ್ರೀಡಾಂಗಣದಲ್ಲಾಗಲಿ, ಮಣಿಪಾಲದ ಮರೇನಾ ಕ್ರೀಡಾ ಸಂಕೀರ್ಣದಲ್ಲಾಗಲಿ, ಯಾರಾದರೂ ಬ್ಯಾಟ್ ಆರಿಸಿಕೊಡಿ ಎಂದರೆ ನಾನು ಮೊದಲು ನೋಡುವುದು ಒಂದೇ: ಒಂದು ಗಂಟೆ ಆಡಿ ದಣಿದ ಮೇಲೆ ಅವರ ಟಾಸ್, ಅಂದರೆ ಎದುರಿನ ಹಿಂದಿನ ಗೆರೆಯತ್ತ ಎತ್ತರಕ್ಕೆ ಹೊಡೆದ ಶಟಲ್, ಎಲ್ಲಿ ಬೀಳುತ್ತದೆ? ಮೊದಲ ಹತ್ತು ನಿಮಿಷ ಎಲ್ಲರ ಕೈಯೂ ಚುರುಕು, ಆಗ ಎಂಥ ಬ್ಯಾಟೂ ಹಿತವೇ.

ಹಿಡಿಯ ಮೇಲ್ತುದಿಯ ಮುಚ್ಚಳವಾದ ಕೋನಿನಿಂದ ಟಿ-ಜಾಯಿಂಟ್‌ವರೆಗೆ (ಶಾಫ್ಟ್ ಬ್ಯಾಟಿನ ತಲೆಗೆ ಸೇರುವ ಜಾಗ) ಇರುವ, ಸುಮಾರು 7 ಮಿ.ಮೀ. ದಪ್ಪದ ಕಾರ್ಬನ್ ಕೊಳವೆಯೇ ಶಾಫ್ಟ್. ಕೈ ಮುಂದಕ್ಕೆ ಬೀಸಿದಾಗ ಬ್ಯಾಟಿನ ತಲೆ ಹಿಂದೆ ಉಳಿದು ಶಾಫ್ಟ್ ಬಾಗುತ್ತದೆ. ಅದು ನೇರವಾಗುತ್ತ ಬರುವ ಹೊತ್ತಿಗೆ ಸರಿಯಾಗಿ ಶಟಲ್ ತಾಗಿದರೆ ತಲೆಯ ವೇಗ ಹೆಚ್ಚುತ್ತದೆ. ಶಟಲ್ ಗಟ್ಟಿಗೆ ತಾಗಿ ನಿಲ್ಲುವುದು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ಹೊತ್ತು. ಆಮೇಲೆ ಶಾಫ್ಟ್ ಎಷ್ಟು ಚಿಮ್ಮಿದರೂ ಪ್ರಯೋಜನವಿಲ್ಲ. ನಿಧಾನದ ಕೈಗೆ ಸ್ಟಿಫ್ ಶಾಫ್ಟ್ ಬಾಗುವುದೇ ಇಲ್ಲ, ಶಕ್ತಿಯೆಲ್ಲ ಭುಜದಿಂದಲೇ ಬರಬೇಕಾಗುತ್ತದೆ. ವೇಗದ ಕೈಗೆ ಫ್ಲೆಕ್ಸಿಬಲ್ ಶಾಫ್ಟ್ ಕೊಟ್ಟರೆ, ತಾಗುವಾಗ ತಲೆ ಇನ್ನೂ ಹಿಂದೆಯೇ ಇದ್ದು ಮುಖ ತೆರೆದಿರುತ್ತದೆ. ಸ್ಮ್ಯಾಶ್ ಕೆಳಗಿಳಿಯದೆ ಚಪ್ಪಟೆಯಾಗಿ ಗೆರೆಯಾಚೆ ಹೋಗುವುದು ಅದಕ್ಕೇ.

ಸ್ಟಿಫ್, ಮೀಡಿಯಂ ಎಂಬುದಕ್ಕೆ ಎಲ್ಲ ಕಂಪನಿಗಳಿಗೂ ಒಪ್ಪುವ ಒಂದೇ ಅಳತೆ ಇಲ್ಲ. ಯೋನೆಕ್ಸ್‌ನಲ್ಲಿ ಆಸ್ಟ್ರಾಕ್ಸ್ 77 ಪ್ರೊ ಮೀಡಿಯಂ, ಆರ್ಕ್‌ಸೇಬರ್ 11 ಪ್ರೊ ಸ್ಟಿಫ್, ಆಸ್ಟ್ರಾಕ್ಸ್ 100 ಝಡ್‌ಝಡ್ ಎಕ್ಸ್‌ಟ್ರಾ ಸ್ಟಿಫ್; ಇವನ್ನು ಒಂದಕ್ಕೊಂದು ಹೋಲಿಸಬಹುದು. ಬೇರೆ ಕಂಪನಿಯ ಬ್ಯಾಟ್ ಜೊತೆಗಿದ್ದರೆ ನಾನು ಅಳೆದೇ ನೋಡುತ್ತೇನೆ. ಹಿಡಿಗೆ ಬಟ್ಟೆ ಸುತ್ತಿ, ಮುಖ ನೆಲಕ್ಕೆ ಸಮಾನಾಂತರ ಇರುವಂತೆ ಮೇಜಿನ ಅಂಚಿಗೆ ಸಿ-ಕ್ಲಾಂಪ್‌ನಿಂದ ಬಿಗಿಯುವುದು. ಕೋನನ್ನು ಬಿಗಿಯಬಾರದು, ಅದು ಒಡೆಯುತ್ತದೆ. ಟಿ-ಜಾಯಿಂಟ್‌ಗೆ ದಾರ ಕಟ್ಟಿ ಒಂದು ಲೀಟರ್ ನೀರು ತುಂಬಿದ ಬಾಟ್ಲಿ ತೂಗುಹಾಕಿ, ತಲೆಯ ತುದಿ ಎಷ್ಟು ಕೆಳಗಿಳಿಯಿತು ಎಂದು ಸ್ಕೇಲಿನಲ್ಲಿ ನೋಡುವುದು. ಬ್ಯಾಟಿನಿಂದ ಬ್ಯಾಟಿಗೆ ವ್ಯತ್ಯಾಸ ಕೆಲವೇ ಮಿಲಿಮೀಟರ್. ಆದ್ದರಿಂದ ಎಲ್ಲ ಬ್ಯಾಟನ್ನೂ ಹಿಡಿಯ ಒಂದೇ ಜಾಗದಲ್ಲಿ ಬಿಗಿಯಬೇಕು. ಭಾರವನ್ನು ಫ್ರೇಮಿನ ತುದಿಗೆ ಕಟ್ಟಿದರೆ ಫ್ರೇಮಿನ ಬಾಗೂ ಸೇರಿ ಲೆಕ್ಕ ಕೆಡುತ್ತದೆ.

ಕೋರ್ಟಿನ ಪರೀಕ್ಷೆ ಇನ್ನೂ ಮುಖ್ಯ. ಮೊದಲು ಶಟಲ್ ಸರಿ ಇರಬೇಕು. ನಿಯಮದ ಪ್ರಕಾರ ಹಿಂದಿನ ಗೆರೆಯ ಮೇಲಿನಿಂದ ಕೆಳಗೈಯಲ್ಲಿ ಪೂರ್ತಿ ಬೀಸಿ ಹೊಡೆದ ಶಟಲ್, ಎದುರಿನ ಹಿಂದಿನ ಗೆರೆಗಿಂತ 53ರಿಂದ 99 ಸೆಂ.ಮೀ. ಒಳಗೆ ಬೀಳಬೇಕು. ಏಪ್ರಿಲ್-ಮೇ ತಿಂಗಳ ನಮ್ಮ ಸೆಕೆಗೆ ಶಟಲ್ ಜೋರಾಗಿಯೇ ಹೋಗುತ್ತದೆ. ಶಟಲ್ ಡಬ್ಬಿಯ ಮೇಲಿನ ವೇಗದ ಸಂಖ್ಯೆ 77 ಇದ್ದು ಅದು ಈ ಜಾಗ ದಾಟುತ್ತಿದ್ದರೆ, ಅದಕ್ಕಿಂತ ನಿಧಾನದ 76 ತೆಗೆದುಕೊಳ್ಳಿ. ಬಳಿಕ ಹಿಂದಿನ ಗೆರೆಯಿಂದ ತಲೆಯ ಮೇಲಿನ ಹತ್ತು ಟಾಸ್. ಆಟಕ್ಕೆ ಮೊದಲು ಒಮ್ಮೆ, ದಣಿದ ಮೇಲೆ ಇನ್ನೊಮ್ಮೆ. ಎದುರಿನ ಎರಡು ಹಿಂಗೆರೆಗಳ ನಡುವಿನ 76 ಸೆಂ.ಮೀ. ಜಾಗವೇ ಗುರಿ. ದಣಿದಾಗ ಹೆಚ್ಚಿನವು ಒಳಗೆರೆಗಿಂತ ಒಂದು ಮೀಟರ್ ಇತ್ತಲೇ ಬಿದ್ದರೆ ಒಂದು ಹಂತ ಮೆದು ಶಾಫ್ಟ್ ಬೇಕು. ದೂರ ಸಾಕಷ್ಟಿದ್ದು ಎಡಬಲ ಚದುರಿದರೆ ಒಂದು ಹಂತ ಸ್ಟಿಫ್ ನೋಡಬಹುದು. ಆದರೆ ಅದಕ್ಕೂ ಮೊದಲು ಕಾರ್ಕಿಗೆ ಸೀಮೆಸುಣ್ಣ ತಿಕ್ಕಿ, ಕಪ್ಪು ಗಟ್ (ಬ್ಯಾಟಿನ ಬಲೆಯ ತಂತಿ) ಇರುವ ಬ್ಯಾಟಿನಲ್ಲಿ ಹೊಡೆದು ನೋಡಿ. ಬಿಳಿ ಗುರುತು ನಡುವಿನಲ್ಲೋ ಅದಕ್ಕಿಂತ ತುಸು ಮೇಲೋ ಒಟ್ಟಾಗಿ ಬಿದ್ದರೆ ಕೈ ಸರಿ ಉಂಟು, ಶಾಫ್ಟ್ ಬದಲಿಸುವ ಮಾತಾಡಬಹುದು. ಅಂಚಿನವರೆಗೂ ಹರಡಿದ್ದರೆ ದುಬಾರಿ ಬ್ಯಾಟ್ ತೆಗೆದುಕೊಂಡು ಪ್ರಯೋಜನವಿಲ್ಲ, ಹೊಡೆತವನ್ನೇ ತಿದ್ದಬೇಕು.

ಹೆಚ್ಚಿನವರು ಗಮನಿಸದ ಸಂಗತಿ ಗ್ರಿಪ್. ನಮ್ಮಲ್ಲಿ ಬೆವರಿಗೆ ಹೆದರಿ ಹಳೆಯ ಗ್ರಿಪ್ಪಿನ ಮೇಲೆ ಮತ್ತೊಂದು ಸುತ್ತುತ್ತಾರೆ. ಗಟ್ ಸೇರಿ 90 ಗ್ರಾಂ ತೂಗುವ, ಹಿಡಿಯ ಬುಡದಿಂದ 300 ಮಿ.ಮೀ.ಗೆ ಬ್ಯಾಲೆನ್ಸ್ (ಬೆರಳ ಮೇಲಿಟ್ಟರೆ ಸಮವಾಗಿ ನಿಲ್ಲುವ ಜಾಗ) ಇರುವ ಬ್ಯಾಟಿಗೆ 5 ಗ್ರಾಮಿನ ಒಂದು ಗ್ರಿಪ್ ಸುತ್ತಿದರೂ ಬ್ಯಾಲೆನ್ಸ್ ಒಂದು ಸೆಂ.ಮೀ.ಗಿಂತ ಹೆಚ್ಚು ಹಿಂದೆ ಸರಿಯುತ್ತದೆ. ತಲೆ ಹಗುರ ಅನಿಸಿ, ಅದೇ ಶಾಫ್ಟ್ ಮೊದಲಿಗಿಂತ ಸ್ಟಿಫ್ ಎಂದು ಕೈಗೆ ತೋರುತ್ತದೆ. ಕಂಪನಿಯ ಗ್ರಿಪ್ ಬಿಚ್ಚಿ, ಹಿಡಿಗೆ ತೆಳ್ಳಗಿನ ಒಂದೇ ಗ್ರಿಪ್ ಸುತ್ತಿ ಮೇಲಿಂದ ಮೇಲೆ ಬದಲಿಸುತ್ತಿರುವುದು ಒಳ್ಳೆಯದು.

ಡಬಲ್ಸ್‌ನಲ್ಲಿ ನೆಟ್ಟಿನ ಬಳಿ ನಿಲ್ಲುವವರ ಬೀಸು ಚಿಕ್ಕದು. ಚಪ್ಪಟೆಯಾಗಿ ರಭಸದಿಂದ ಹೊಡೆಯುವ ಡ್ರೈವ್‌ಗೆ, ಸ್ಮ್ಯಾಶ್ ತಡೆಯುವುದಕ್ಕೆ ಬ್ಯಾಟ್ ಬೇಗ ಮರಳಿ ಬರಬೇಕು. ಅವರಿಗೆ ತಲೆ ಹಗುರ ಇರುವ ಸ್ಟಿಫ್ ಬ್ಯಾಟ್ ಹೊಂದುತ್ತದೆ. ಹಿಂದೆ ನಿಂತು ಸ್ಮ್ಯಾಶ್ ಹೊಡೆಯುವವರು ತಲೆ ಭಾರದ ಬ್ಯಾಟನ್ನೇ ಕೇಳುತ್ತಾರೆ, ಸರಿ. ಆದರೆ ಭಾರದ ತಲೆ ಶಾಫ್ಟನ್ನು ಹೆಚ್ಚು ಬಗ್ಗಿಸುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ವಾರಕ್ಕೆ ಎರಡು-ಮೂರು ದಿನ ಆಡುವವರಿಗೆ ತೂಕ 4ಯು, ಅಂದರೆ 80ರಿಂದ 84 ಗ್ರಾಂ, ಶಾಫ್ಟ್ ಮೀಡಿಯಂ, ಗಟ್ಟಿಂಗ್ (ಗಟ್ಟಿನ ಬಿಗಿತ) 22ರಿಂದ 24 ಪೌಂಡ್ ಎಂದೇ ನನ್ನ ಸಲಹೆ. ಯುವಕ ಮಂಡಲದ ಹೊರಾಂಗಣ ಟೂರ್ನಮೆಂಟಿಗೆ, ನೈಲಾನ್ ಶಟಲ್‌ಗೆ, ಇದಕ್ಕಿಂತ ಸ್ಟಿಫ್ ಖಂಡಿತ ಬೇಡ.

ಮೊಣಕೈಯ ಹೊರಬದಿ ನೋಯತೊಡಗಿದರೆ ಕೂಡಲೇ ಬ್ಯಾಟನ್ನು ದೂರಬೇಡಿ. ಮೊದಲು ಗಟ್ಟಿಂಗನ್ನು ಎರಡು ಪೌಂಡ್ ಇಳಿಸಿ. ಆಮೇಲೆ ಗ್ರಿಪ್ ನೋಡಿ: ಜಾರುವ ಹಿಡಿಯನ್ನು ಬಿಗಿಯಾಗಿ ಹಿಚುಕಿ ಹಿಡಿದಾಗ, ನಡುವಿಗೆ ತಾಗದ ಪ್ರತಿ ಹೊಡೆತದ ಅದುರು ನೇರ ಮೊಣಕೈಗೆ ಏರುತ್ತದೆ, ಸ್ಟಿಫ್ ಶಾಫ್ಟಿನಲ್ಲಂತೂ ಇನ್ನೂ ಜಾಸ್ತಿ. ಈ ಎರಡರಿಂದಲೂ ತಗ್ಗದಿದ್ದರೆ ಮೆದು ಶಾಫ್ಟಿಗೆ ಹೋಗಿ. ನೀರು ತುಂಬಿದ ಚೊಂಬು ಎತ್ತುವಾಗಲೂ ನೋವಾದರೆ ಬ್ಯಾಟ್ ಬದಿಗಿಟ್ಟು ವೈದ್ಯರಿಗೆ ತೋರಿಸಿ.