ಸಂಧಿವಾತ ಇರುವವರ ಮೈಮೇಲಿನ ಗಂಟು: ಏನೆಂದು ಗುರುತಿಸುವುದು ಹೇಗೆ

ರುಮಟಾಯ್ಡ್ ಸಂಧಿವಾತದವರ (ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ದಾಳಿ ಮಾಡುವ ಕಾಯಿಲೆ) ಮೊಣಕೈಯಲ್ಲಿ ಗಂಟು ಕಂಡರೆ ಸಂಧಿವಾತದ್ದೇ ಎಂದು ಬರೆದು ಮುಗಿಸುವುದು ಸುಲಭ. ಎಷ್ಟೋ ಸಲ ಅದು ಸರಿಯೂ ಹೌದು. ಆದರೆ ಈ ಕಾಯಿಲೆಗೆ ಕೊಡುವ, ರೋಗನಿರೋಧಕ ಶಕ್ತಿ ತಗ್ಗಿಸುವ ಮೆಥೊಟ್ರೆಕ್ಸೇಟ್, ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಸೋಂಕು ಜ್ವರವನ್ನೇ ತೋರಿಸದೆ ಬೆಳೆಯಬಹುದು. ಅದಕ್ಕೇ ವೈದ್ಯರು ಹೊಸ ಗಂಟನ್ನು ಹೊಸದಾಗಿಯೇ ನೋಡಬೇಕು.

ಯಾವಾಗ ಬಂತು, ಎಷ್ಟು ಬೇಗ ಬೆಳೆಯಿತು, ಯಾವ ಮಾತ್ರೆ ಎಂದಿನಿಂದ, ಮನೆಯಲ್ಲಿ ಯಾರಿಗಾದರೂ ಕ್ಷಯ ಇತ್ತೇ ಎಂದು ಕೇಳಿ. ಕೊಡಗಿನಲ್ಲಿ ಇನ್ನೊಂದು ಪ್ರಶ್ನೆ ಬಿಡಬಾರದು: ತೋಟದಲ್ಲಿ ಮುಳ್ಳು ಚುಚ್ಚಿತ್ತೇ? ಕಿತ್ತಳೆಯದೋ ಲಂಟಾನದ್ದೋ ಮುಳ್ಳಿನೊಂದಿಗೆ ಶಿಲೀಂಧ್ರ ಒಳಹೊಕ್ಕು, ವಾರಗಳೋ ತಿಂಗಳುಗಳೋ ಕಳೆದ ಮೇಲೆ ಗಂಟಾಗುವುದುಂಟು. ಅಷ್ಟರಲ್ಲಿ ಚುಚ್ಚಿದ್ದೇ ಮರೆತಿರುತ್ತದೆ.

ಸಂಧಿವಾತದ ಗಂಟು ಗಟ್ಟಿ, ಒತ್ತಿದರೆ ಸಾಮಾನ್ಯವಾಗಿ ನೋಯದು. ಮೊಣಕೈ ಹಿಂಭಾಗ, ಬೆರಳ ಗೆಣ್ಣು, ಹಿಮ್ಮಡಿಯಂಥ ಒತ್ತಡ ಬೀಳುವ ಕಡೆ ಬರುತ್ತದೆ. ರಕ್ತದ ರುಮಟಾಯ್ಡ್ ಫ್ಯಾಕ್ಟರ್ (ಈ ಕಾಯಿಲೆಯವರಲ್ಲಿ ಹೆಚ್ಚಾಗಿ ಕಾಣುವ ಪ್ರತಿಕಾಯ) ನೆಗೆಟಿವ್ ಇದ್ದರೆ ಗಂಟು ಬೇರೇನೋ ಇರಬಹುದೆಂದು ಅನುಮಾನಪಡಿ. ಕೀಲುನೋವು ತಗ್ಗಿಯೂ ಬೆರಳುಗಳಲ್ಲಿ ಸಣ್ಣ ಗಂಟುಗಳು ಹೆಚ್ಚಿದರೆ ಮೆಥೊಟ್ರೆಕ್ಸೇಟ್ ಕಾರಣವಿರಬಹುದು. ಹಾಗೆಂದು ರೋಗಿ ತಾನಾಗಿ ಮಾತ್ರೆ ನಿಲ್ಲಿಸಬಾರದು. ಮೊಣಕೈ ತುದಿ ನೀರು ತುಂಬಿದಂತೆ ಮೆತ್ತಗಿದ್ದರೆ ಬರ್ಸಾ (ಕೀಲಿನ ಬಳಿಯ ದ್ರವದ ಚೀಲ) ಊತ. ಅದು ಬಿಸಿಯಾಗಿ ಕೆಂಪಾಗಿದ್ದರೆ ಅದೇ ದಿನ, ಆ್ಯಂಟಿಬಯೋಟಿಕ್ ಕೊಡುವ ಮೊದಲು, ಸೂಜಿಯಿಂದ ನೀರು ತೆಗೆದು ಪರೀಕ್ಷೆಗೆ ಕಳಿಸಿ. ಮಣಿಕಟ್ಟಿನ ಗಂಟಿಗೆ ಕತ್ತಲ ಕೋಣೆಯಲ್ಲಿ ಟಾರ್ಚ್ ಹಿಡಿದಾಗ ಬೆಳಕು ಹಾದುಹೋದರೆ ಹೆಚ್ಚಾಗಿ ಗ್ಯಾಂಗ್ಲಿಯಾನ್ (ಲೋಳೆ ತುಂಬಿದ ಗಂಟು). ಚರ್ಮದಡಿ ಸುಣ್ಣದಂಥ ಬಿಳುಪು ಕಂಡರೆ ಗೌಟ್ (ಯೂರಿಕ್ ಆ್ಯಸಿಡ್ ಹರಳುಗಟ್ಟುವ ಕಾಯಿಲೆ) ನೆನಪಿರಲಿ. ರಕ್ತದ ಯೂರಿಕ್ ಆ್ಯಸಿಡ್ ನಾರ್ಮಲ್ ಬಂದ ಮಾತ್ರಕ್ಕೆ ಕೈಬಿಡಬೇಡಿ. ಮಂಡಿ ಹಿಂದಿನ ಬೇಕರ್ ಸಿಸ್ಟ್ (ದ್ರವ ತುಂಬಿದ ಚೀಲ) ಒಡೆದರೆ ಮೀನಖಂಡ ಊದಿ ರಕ್ತನಾಳದಲ್ಲಿ ಹೆಪ್ಪುಗಟ್ಟಿದಂತೆಯೇ ಕಾಣುತ್ತದೆ, ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸಲೇಬೇಕು.

ಅನುಮಾನ ಉಳಿದರೆ ಅಲ್ಟ್ರಾಸೌಂಡ್, ಆಮೇಲೆ ಸೂಜಿ ಪರೀಕ್ಷೆ ಅಥವಾ ಬಯಾಪ್ಸಿ (ತುಂಡು ತೆಗೆದು ನೋಡುವುದು). ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ: ತೆಗೆದ ತುಂಡನ್ನೆಲ್ಲ ಕೆಡದಂತಿಡುವ ಫಾರ್ಮಲಿನ್ ದ್ರಾವಣಕ್ಕೆ ಹಾಕಿಬಿಡುತ್ತಾರೆ. ಫಾರ್ಮಲಿನ್‌ನಲ್ಲಿ ರೋಗಾಣು ಸಾಯುತ್ತದೆ, ಕಲ್ಚರ್‌ನಲ್ಲಿ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಏನೂ ಬೆಳೆಯದು. ಗೌಟಿನ ಹರಳೂ ಕರಗುತ್ತದೆ. ಒಂದು ಭಾಗ ಫಾರ್ಮಲಿನ್‌ಗೆ, ಕಲ್ಚರ್‌ಗಾಗಿ ಇನ್ನೊಂದು ಸ್ಟೆರೈಲ್ ಸಲೈನ್‌ಗೆ (ರೋಗಾಣುರಹಿತ ಉಪ್ಪುನೀರು), ಗೌಟ್ ಅನುಮಾನವಿದ್ದರೆ ಮತ್ತೊಂದು ಶುದ್ಧ ಆಲ್ಕೋಹಾಲ್‌ಗೆ ಹಾಕಿ. ವಿರಾಜಪೇಟೆ, ಸೋಮವಾರಪೇಟೆಯಿಂದ ಮಡಿಕೇರಿಗೋ ಮೈಸೂರಿಗೋ ಕಳಿಸುವಾಗ ಚೀಟಿಯಲ್ಲಿ ‘ಕ್ಷಯ ಮತ್ತು ಶಿಲೀಂಧ್ರ ಕಲ್ಚರ್’ ಎಂದು ಬರೆಯಿರಿ. ಬರೆಯದಿದ್ದರೆ ಆ ಪರೀಕ್ಷೆ ಮಾಡದೆ ಬಿಡಬಹುದು.

5 ಸೆಂ.ಮೀ. ಮೀರಿದ, ಆಳದಲ್ಲಿರುವ, ಬೇಗ ಬೆಳೆಯುವ ಗಂಟು ಕ್ಯಾನ್ಸರ್ ಇರಬಹುದು, ಅದನ್ನು ಊರಲ್ಲೇ ಕುಯ್ಯಬೇಡಿ. ಮೊದಲು ಎಂಆರ್‌ಐ; ಬಯಾಪ್ಸಿ ಎಲ್ಲಿಂದ ತೆಗೆಯಬೇಕೆಂದು ಮುಂದೆ ಆಪರೇಷನ್ ಮಾಡುವ ಕ್ಯಾನ್ಸರ್ ತಂಡವೇ ನಿರ್ಧರಿಸಲಿ.