ಬೀದಿ ನಾಟಕ ಕಟ್ಟೋಣ, ಬೀದಿ ಸರಿಮಾಡಿಸೋಣ

2019ರ ಸೆಪ್ಟೆಂಬರ್. ಚಂದ್ರಯಾನ-2 ಚಂದ್ರನ ಮೇಲೆ ಇಳಿಯಲು ಕೆಲವೇ ದಿನ ಬಾಕಿ. ಆಗ ಒಂದು ವಿಡಿಯೊ ಎಲ್ಲರ ಮೊಬೈಲಿಗೆ ಬಂತು. ಗಗನಯಾತ್ರಿಯೊಬ್ಬ ಕುಳಿಗಳ ನಡುವೆ ನಿಧಾನವಾಗಿ ಹೆಜ್ಜೆ ಇಡುತ್ತಿದ್ದ. ಅಷ್ಟರಲ್ಲಿ ಪಕ್ಕದಲ್ಲೇ ಒಂದು ಆಟೊ ಹಾದುಹೋಯಿತು! ಅದು ಬೆಂಗಳೂರಿನ ಹೇರೋಹಳ್ಳಿ ಕಡೆಯ ರಸ್ತೆ. ಮಾಡಿದವರು ಕಲಾವಿದ ಬಾದಲ್ ನಂಜುಂಡಸ್ವಾಮಿ. ಪಾಲಿಕೆಯವರು ಬೇಗನೆ ಬಂದು ರಸ್ತೆ ರಿಪೇರಿ ಶುರುಮಾಡಿದರು. 2015ರಲ್ಲಿ ಬಾದಲ್ ಅವರೇ ಸುಲ್ತಾನ್‌ಪಾಳ್ಯದ ನೀರು ತುಂಬಿದ ಗುಂಡಿಯಲ್ಲಿ ಮೊಸಳೆಯ ಪ್ರತಿಮೆ ಕೂರಿಸಿದ್ದರು.

ಒಂದು ರಸ್ತೆ, ಒಂದು ದೂರು, ನೋಡಿದ ಕೂಡಲೇ ತಿಳಿಯುವ ಚಿತ್ರ. ‘ಊರಿನ ರಸ್ತೆಗಳೆಲ್ಲ ಹಾಳು’ ಎಂದಿದ್ದರೆ ಯಾರು ಬರುತ್ತಿದ್ದರು? ನೀವೂ ಇದನ್ನು ಮಾಡಬಹುದು. ಏಳೆಂಟು ಹುಡುಗ ಹುಡುಗಿಯರು ಇದ್ದರೆ ಸಾಕು, ಒಂದು ಬೀದಿ ನಾಟಕ ಆಗುತ್ತದೆ. 1975ರಲ್ಲಿ ಹುಟ್ಟಿದ ‘ಸಮುದಾಯ’ ತಂಡ ಜಾಥಾ ಕಟ್ಟಿ ಊರೂರಿಗೆ ಬೀದಿ ನಾಟಕ ಕೊಂಡೊಯ್ದ ನಾಡು ಇದು.

ಮೊದಲು ಸಮಸ್ಯೆ, ಆಮೇಲೆ ಕತೆ

ಸ್ಕ್ರಿಪ್ಟ್ ಬರೆಯಲು ಕೂರಬೇಡಿ. ಮೊದಲು ಬೀದಿ ಸುತ್ತಿ. ನಲ್ಲಿ ಹತ್ತಿರ ಕೊಡ ಹಿಡಿದು ನಿಂತ ಅಮ್ಮಂದಿರು, ಪೌರಕಾರ್ಮಿಕರು, ತಳ್ಳುಗಾಡಿಯವರು, ಶಾಲೆಗೆ ಹೋಗುವ ಮಕ್ಕಳು, ಇವರನ್ನೆಲ್ಲ ಕೇಳಿ. ಅವರು ಹೇಳಿದ ಮಾತನ್ನು ಹಾಗೇ ಬರೆದುಕೊಳ್ಳಿ. ನಾಟಕದ ಒಳ್ಳೆಯ ಸಂಭಾಷಣೆ ಅಲ್ಲೇ ಸಿಗುತ್ತದೆ.

ಆಮೇಲೆ ಒಂದೇ ಒಂದು ಬೇಡಿಕೆ ಆರಿಸಿ. ಅದನ್ನು ಮಾಡಿಕೊಡುವ ಕಚೇರಿ ಯಾವುದು ಎಂದು ಹೇಳಲು ಬರಬೇಕು. ‘ಪರಿಸರ ಉಳಿಸಿ’ ಎಂದರೆ ಯಾರೂ ಉತ್ತರ ಕೊಡಬೇಕಾಗಿಲ್ಲ. ‘ಶಾಲೆಯ ಹಿಂದಿನ ಚರಂಡಿಗೆ ಚಪ್ಪಡಿ ಹಾಕಿಸಿ’ ಎಂದರೆ ಪಂಚಾಯಿತಿ ಉತ್ತರ ಕೊಡಲೇಬೇಕು.

ನಾಟಕ ಕಟ್ಟುವುದು

ಇಪ್ಪತ್ತು ನಿಮಿಷ ಸಾಕು. ಸಂತೆಗೆ ಬಂದವರು ಚೀಲ ಹಿಡಿದು ನಿಂತೇ ನೋಡುತ್ತಾರೆ, ಅದಕ್ಕಿಂತ ಜಾಸ್ತಿ ಅವರನ್ನು ಹಿಡಿದಿಡಬೇಡಿ. ಸೆಟ್ ಬೇಡ, ಲೈಟ್ ಬೇಡ. ಎಲ್ಲರೂ ಒಂದೇ ಬಣ್ಣದ ಅಂಗಿ ಹಾಕಿಕೊಳ್ಳಿ. ಹೆಗಲ ಮೇಲೆ ಟವೆಲ್ ಹಾಕಿದರೆ ಅಧ್ಯಕ್ಷರು, ತಲೆಗೆ ಸುತ್ತಿದರೆ ರೈತ. ಜನ ತಕ್ಷಣ ಒಪ್ಪಿಕೊಳ್ಳುತ್ತಾರೆ.

ಜನ ಸುತ್ತಲೂ ನಿಲ್ಲುವುದರಿಂದ ಯಾವಾಗಲೂ ಯಾರಿಗಾದರೂ ನಿಮ್ಮ ಬೆನ್ನೇ ಕಾಣುತ್ತದೆ. ಅದಕ್ಕೇ ಮಾತಾಡುತ್ತಾ ತಿರುಗುತ್ತಿರಿ. ಮುಖ್ಯವಾದ ಸಾಲನ್ನು ಎಲ್ಲರೂ ಸೇರಿ, ಎರಡು ಸಲ ಹೇಳಿ. ಬಸ್ಸಿನ ಹಾರ್ನ್ ನಡುವೆ ಒಬ್ಬರ ದನಿ ಕೇಳುವುದಿಲ್ಲ. ತಾಲೀಮನ್ನೂ ಬಯಲಲ್ಲೇ ಮಾಡಿ.

ಜನ ಸೇರಿಸಲು ತಮಟೆಯಂಥ ವಾದ್ಯ ಇನ್ನೊಂದಿಲ್ಲ. ಆದರೆ ಇಲ್ಲಿ ಒಂದು ಮಾತು ಹೇಳಲೇಬೇಕು. ತಮಟೆ ಬಾರಿಸುವವರನ್ನು ಎಷ್ಟೋ ಊರುಗಳಲ್ಲಿ ಕರೆದು, ಬಾರಿಸಿಕೊಂಡು, ಹೊರಗೇ ನಿಲ್ಲಿಸಿದ್ದಾರೆ. ನೀವು ಹಾಗೆ ಮಾಡಬೇಡಿ. ತಂಡದ ಒಳಗೆ ಕರೆಯಿರಿ. ಅವರೂ ಪಾತ್ರ ಮಾಡಲಿ, ಕತೆ ಎಲ್ಲಿ ಎಡವುತ್ತಿದೆ ಎಂದು ಹೇಳಲಿ, ದುಡ್ಡು ಇದ್ದರೆ ಮೊದಲು ಅವರಿಗೆ ಕೊಡಿ. ಒಟ್ಟಿಗೆ ಕೂತು ಊಟ ಮಾಡಿ. ಊರು ಅದನ್ನೂ ನೋಡುತ್ತಿರುತ್ತದೆ, ಅಲ್ವಾ?

ಜಾಗ, ಅನುಮತಿ

ಸಂಜೆ ಹೊತ್ತು, ಬಸ್ ನಿಲ್ದಾಣ ಅಥವಾ ಅರಳಿಕಟ್ಟೆ. ದಾರಿಗೆ ಅಡ್ಡ ಆಗಬಾರದು. ಪಂಚಾಯಿತಿಗೂ ಪೊಲೀಸ್ ಠಾಣೆಗೂ ಮೊದಲೇ ಪತ್ರ ಕೊಡಿ. ಮೈಕ್ ಬಳಸುವುದಾದರೆ ಅದಕ್ಕೆ ಬೇರೆ ಅನುಮತಿ ಬೇಕು. ಗೋಡೆಗೆ ಚಿತ್ರ ಬರೆಯುವ ಆಸೆ ಇದ್ದರೂ ಅಷ್ಟೇ, ಸುಮ್ನೆ ಬರೆಯಬೇಡಿ. ತೆರೆದ ಸ್ಥಳಗಳ ಅಂದ ಕೆಡಿಸುವುದನ್ನು ತಡೆಯುವ 1981ರ ರಾಜ್ಯ ಕಾನೂನು ಇದೆ.

ಚಪ್ಪಾಳೆ ಮುಗಿದ ಮೇಲೆ

ಹೆಚ್ಚಿನ ತಂಡಗಳು ಸೋಲುವುದು ಇಲ್ಲೇ. ನಾಟಕ ಚೆನ್ನಾಗಿತ್ತು ಎನ್ನುತ್ತಾರೆ, ಮನೆಗೆ ಹೋಗುತ್ತಾರೆ, ಚರಂಡಿ ಹಾಗೇ ಇರುತ್ತದೆ. ಆದ್ದರಿಂದ ಕೊನೆಯ ಹಾಡು ಮುಗಿಯುವ ಮೊದಲೇ ಇಬ್ಬರು ಮನವಿ ಪತ್ರ ಹಿಡಿದು ಜನರ ನಡುವೆ ಹೋಗಿ ಸಹಿ ತೆಗೆದುಕೊಳ್ಳಲಿ. ಮರುದಿನವೇ ಕಚೇರಿಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಗ್ರಾಮಸಭೆ ಯಾವಾಗ ಎಂದು ಕೇಳಿ, ಅಲ್ಲಿ ಈ ವಿಷಯ ಎತ್ತಿ, ನಡಾವಳಿಯಲ್ಲಿ ಬರೆಸಿ. ತಂಡದಲ್ಲಿ ಚಿಕ್ಕವರಿದ್ದರೆ ಮಕ್ಕಳ ಗ್ರಾಮಸಭೆಯಲ್ಲಿ ಅವರೇ ಕೇಳಲಿ.

ಆದರೂ ಉತ್ತರ ಬರಲಿಲ್ಲವೇ? ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ ಕೇಳಬೇಕು, 150 ಪದ ಮೀರಬಾರದು. ಉತ್ತರಕ್ಕೆ 30 ದಿನದ ಗಡುವು ಇದೆ.

ಆ ಮೂವತ್ತು ದಿನ ತಂಡವನ್ನು ಚದುರಲು ಬಿಡಬೇಡಿ. ವಾರಕ್ಕೊಮ್ಮೆ ಸೇರಿ. ಉತ್ತರ ಬಂದ ಸಂಜೆ ಅದೇ ಜಾಗಕ್ಕೆ ಹೋಗಿ ತಮಟೆ ಬಾರಿಸಿ. ಸಹಿ ಹಾಕಿದವರ ಮುಂದೆ ಆ ಪತ್ರವನ್ನು ಗಟ್ಟಿಯಾಗಿ ಓದಿ.