ಒಂಬತ್ತನೇ ಸಲಕ್ಕೆ ಕೂತ ಕೋಹಾ: ನನ್ನ ಅನುಭವ

ಹೋದ ವರ್ಷ ಪುನರ್ವಸು ಮಳೆ ಹೊಡೆಯುತ್ತಿದ್ದಾಗ ನಮ್ಮ ವಾಚನಾಲಯದಲ್ಲಿ ಕೋಹಾ ಕೂತಿತು. ಕೋಹಾ ಅಂದರೆ ಲೈಬ್ರರಿಯ ಪುಸ್ತಕಗಳ ಪಟ್ಟಿ, ಲೆಕ್ಕ ಇಡುವ ಪುಕ್ಕಟೆ ಸಾಫ್ಟ್‌ವೇರ್. ಅದು ಒಂಬತ್ತನೇ ಪ್ರಯತ್ನ. ಅಲ್ಲಿಂದ ಈಚೆಗೆ ಒಮ್ಮೆಯೂ ಕೈ ಕೊಟ್ಟಿಲ್ಲ. "ಪುಕ್ಕಟೆ ಸಾಫ್ಟ್‌ವೇರ್ ಹಳ್ಳಿಗೆ ಆಗಿಬರುವುದಲ್ಲ ಮಾರಾಯ್ರೆ" ಅಂದವರೇ ಈಗ ಪರದೆ ಮುಂದೆ ಕೂತು ಪುಸ್ತಕ ಹುಡುಕುತ್ತಾರೆ. ನಾನು ಏನೂ ಅನ್ನುವುದಿಲ್ಲ, ಸುಮ್ನೆ ನೋಡುತ್ತಿರುತ್ತೇನೆ.

ತೀರ್ಥಹಳ್ಳಿಯಿಂದ ಸ್ವಲ್ಪ ಒಳಗಿನ ಊರು ನಮ್ಮದು. ಆರು ಸಾವಿರದಷ್ಟು ಪುಸ್ತಕ, ಮುಕ್ಕಾಲು ಪಾಲು ಕನ್ನಡ. ಕೋಹಾದ ಪ್ಯಾಕೇಜ್ ಹಾಕುವುದು, ಆಮೇಲೆ ಅದರಲ್ಲಿ ನಮ್ಮ ಲೈಬ್ರರಿಯನ್ನು ಹುಟ್ಟಿಸುವ ಕೋಹಾ-ಕ್ರಿಯೇಟ್ ಕಮಾಂಡ್ ಓಡಿಸುವುದು, ಇಷ್ಟೇ. ನೆಟ್ ಇದ್ದರೆ ಅದು ಅರ್ಧ ಗಂಟೆ ಕೆಲಸ. ನನ್ನ ನಾಲ್ಕು ತಿಂಗಳು ತಿಂದದ್ದು ಅದಲ್ಲ, ಆಯ್ಕೆಗಳು. ಮಷೀನಿಗೆ ಯಾವ ಲಿನಕ್ಸ್, ಡೆಬಿಯನ್ನೋ ಉಬುಂಟುವೋ? ಹುಡುಕುವ ಕೆಲಸಕ್ಕೆ ಝೆಬ್ರಾನೋ ಇಲಾಸ್ಟಿಕ್‌ಸರ್ಚೋ? ಪುಸ್ತಕದ ವಿವರ ಬರೆದಿಡುವ ನಮೂನೆ ಮಾರ್ಕ್21 ಬೇಕೋ ಯುನಿಮಾರ್ಕ್ ಬೇಕೋ? ಕೋಹಾ ಹಾಕುವ ಗೈಡ್ ಬರೆದವರು ಇದನ್ನೆಲ್ಲ ತಮಗೆ ಬೇಕಾದ ಹಾಗೆ ಆಗಲೇ ಆರಿಸಿಕೊಂಡಿರುತ್ತಾರೆ. ಆದರೆ ಹಾಗಂತ ಎಲ್ಲೂ ಹೇಳುವುದಿಲ್ಲ. ನಾನು ಮೂರು ಗೈಡ್ ಎದುರಿಗಿಟ್ಟುಕೊಂಡು ಒಂದರ ತಲೆ, ಇನ್ನೊಂದರ ಬಾಲ ಸೇರಿಸಿದೆ. ಕಡುಬಿನ ಹಿಟ್ಟಿಗೆ ದೋಸೆಯ ಹದ ಕೊಟ್ಟ ಹಾಗಾಯಿತು.

ಮೊದಲ ಸಲ, ಬ್ರೌಸರಿಗೆ ಪುಟ ಕಳಿಸುವ ಅಪಾಚೆಯಲ್ಲಿ 8080 ಪೋರ್ಟ್, ಅಂದರೆ ಸಿಬ್ಬಂದಿ ಪುಟದ ಬಾಗಿಲು, ತೆರೆಯುವುದು ಮರೆತೆ. ಸಿಬ್ಬಂದಿ ಪುಟವೇ ಬರಲಿಲ್ಲ. ಎರಡು ರಾತ್ರಿ ಡೇಟಾಬೇಸನ್ನು ಬೈದೆ. ಮೂರನೇ ಸಲ ಕರೆಂಟು ಬರುವ ಹೋಗುವ ಗಡಿಬಿಡಿಯಲ್ಲಿ ಮಾರ್ಕ್21 ಬದಲು ಯುನಿಮಾರ್ಕ್ ಒತ್ತಿಬಿಟ್ಟೆ. ಇನ್ನೂರು ಪುಸ್ತಕ ಹಾಕಿದ ಮೇಲೆ ಗೊತ್ತಾಯಿತು, ಎಲ್ಲಾ ಅಳಿಸಿದೆ. ಐದೋ ಆರೋ ನೆನಪಿಲ್ಲ, ಆ ಸಲ ಹಳೇ ಗೈಡ್ ಹಿಡಿದು ಹೊಸ ಆವೃತ್ತಿ ಹಾಕಿದ್ದೆ. ಮೇ, ನವೆಂಬರ್ ಅಂತ ವರ್ಷಕ್ಕೆ ಎರಡು ಸಲ ಹೊಸ ಕೋಹಾ ಬರುತ್ತದೆ. ಗೈಡ್ ಬರೆಯುವವರು ಎಷ್ಟು ಅಂತ ಓಡುತ್ತಾರೆ, ಅಲ್ವಾ?

ಅವರನ್ನೂ ಪೂರ್ತಿ ಬೈಯುವ ಹಾಗಿಲ್ಲ. ಕೋಹಾ ಹುಟ್ಟಿದ್ದು ನ್ಯೂಜಿಲೆಂಡಿನ ಹೊರೊವೆನುವಾ ಅನ್ನುವ ಕಡೆಯ ಲೈಬ್ರರಿಗಳಿಗೆ, 2000ದ ಜನವರಿಯಲ್ಲಿ ಅಲ್ಲಿ ಶುರುವಾಯಿತು. ಮಾವೋರಿ ಭಾಷೆಯಲ್ಲಿ ಆ ಹೆಸರಿಗೆ ಕೊಡುಗೆ ಅಂತ ಅರ್ಥ. ಈಗ ಅದೇ ಸಾಫ್ಟ್‌ವೇರ್ ದೊಡ್ಡ ಯೂನಿವರ್ಸಿಟಿಗೂ ಹೊಂದಬೇಕು, ನಮ್ಮ ಹಂಚಿನ ಮನೆಗೂ ಹೊಂದಬೇಕು. ಅದಕ್ಕೇ ಅದರಲ್ಲಿ ನೂರಾರು ಸೆಟ್ಟಿಂಗ್. ಅಷ್ಟಕ್ಕೂ ಹೊಂದುವ ಒಂದೇ ಗೈಡ್ ಯಾರು ಬರೆದಾರು?

ಏಳನೇ ಸಲ ಎಲ್ಲಾ ಸರಿ ಬಂತು. ಕನ್ನಡ ಬಿಟ್ಟು. "ಕಾಡು" ಅಂತ ಹುಡುಕಿದರೆ ಸೊನ್ನೆ. ಝೆಬ್ರಾದ ಡಿಫಾಲ್ಟ್ ಐಡಿಎಕ್ಸ್ ಅನ್ನುವ ಸೆಟ್ಟಿಂಗ್ ಫೈಲಿನಲ್ಲಿ ಅಕ್ಷರ ಗುರುತಿಸುವ ಚಾರ್‌ಮ್ಯಾಪ್ ಸಾಲುಗಳ ಜಾಗಕ್ಕೆ ಬೇರೆ ಬೇರೆ ಲಿಪಿಗಳನ್ನೂ ತಿಳಿಯುವ ಐಸಿಯು ಸಾಲು ಹಾಕಿ, ಇಂಡೆಕ್ಸ್ ಅಂದರೆ ಹುಡುಕಾಟದ ಸೂಚಿಯನ್ನು ಪೂರ್ತಿ ಮತ್ತೆ ಕಟ್ಟಬೇಕು. ಎರಡು ನಿಮಿಷದ ಕೆಲಸ. ಗೊತ್ತಾಗುವುದಕ್ಕೆ ಮೂರು ವಾರ ಹಿಡಿಯಿತು.

ಆಮೇಲೆ ನುಡಿ ತಂತ್ರಾಂಶದ ಕಾಟ. ನಮ್ಮ ಹಳೇ ಪಟ್ಟಿ ಎಕ್ಸೆಲ್‌ನಲ್ಲಿತ್ತು, ಹಳೇ ನುಡಿ ಫಾಂಟಿನಲ್ಲಿ. ಈಗ ಎಲ್ಲ ಕಡೆ ಓದಲು ಬರುವ ಯೂನಿಕೋಡಿಗೆ ತಿರುಗಿಸಿದರೆ "ಕರ್ನಾಟಕ" ಹೋಗಿ "ಕನಾರ್ಟಕ" ಆಗಿತ್ತು. ಅರ್ಕಾವತ್ತು ಇದ್ದಲ್ಲೆಲ್ಲ ಇದೇ ಕತೆ. ನುಡಿಯಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ಮೊದಲು ಬರಬೇಕು. ಕೈಯಲ್ಲಿ ತಿದ್ದಿದರೆ ಮುಂದಿನ ದೀಪಾವಳಿಯೇ. ಹದಿನೈದು ಸಾಲಿನ ಒಂದು ಸ್ಕ್ರಿಪ್ಟ್ ಬರೆದೆ. ಒತ್ತಕ್ಷರ, ದೀರ್ಘ ಎಲ್ಲ ಸೇರಿ ಬಂದಾಗಲೂ ಅದು ತಪ್ಪುವುದಿಲ್ಲ. ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ. ಊರಿಗೆ ಬನ್ನಿ, ಕಾಫಿ ಕುಡಿಯುತ್ತಾ ನೋಡೋಣ.

ದುಡ್ಡಿನ ಲೆಕ್ಕ ಅಂದಾಜಿನದು. ಶಿವಮೊಗ್ಗದಲ್ಲಿ ಹಳೇ ಡೆಸ್ಕ್‌ಟಾಪ್ ಒಂಬತ್ತು ಸಾವಿರ. ರ್‍ಯಾಮ್, ಎಸ್‌ಎಸ್‌ಡಿ ನಾಲ್ಕು ಸಾವಿರದ ಹತ್ತಿರ. ಯುಪಿಎಸ್ ನಾಲ್ಕೂವರೆ, ಸ್ಕ್ಯಾನರ್ ಒಂದೂವರೆ. ಮೇ ತಿಂಗಳ ಗುಡುಗಿಗೆ ನೆಟ್‌ವರ್ಕ್ ಕಾರ್ಡ್ ಸುಟ್ಟು ಇನ್ನೊಂದು ಎಂಟುನೂರು. ಒಟ್ಟು ಇಪ್ಪತ್ತು ಸಾವಿರದ ಆಸುಪಾಸು. ಪೇಟೆಯ ಒಬ್ಬರು ಬರೀ ಹಾಕಿಕೊಡುವುದಕ್ಕೇ ಇಪ್ಪತ್ತೈದು ಕೇಳಿದ್ದರು. ಕನ್ನಡ ಹುಡುಕಾಟ ಬರುತ್ತದಾ ಅಂದರೆ "ನೋಡೋಣ" ಅಂದರು.

ಮಧ್ಯೆ ರಾಸ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರಿನ ಮೇಲೂ ಹಾಕಿ ನೋಡಿದೆ. ಓಡಿತು, ಆದರೆ ಎತ್ತಿನಗಾಡಿ ಓಟ. ಬಾರ್‌ಕೋಡ್ ಚೀಟಿಯದು ಬೇರೆಯೇ ಗೋಳು. ಆಷಾಢದ ಥಂಡಿಗೆ ಅರ್ಧಕ್ಕರ್ಧ ಕಿತ್ತು ಬಂದವು. ಹಳೇ ಕಾಲದ ಮೈದಾ ಅಂಟಿಗೆ ಹುಳ ಬಂತು. ಕೊನೆಗೆ ಚೀಟಿಯನ್ನು ರಟ್ಟಿನ ಒಳಬದಿಗೆ ಹಚ್ಚಿ ಮೇಲೆ ಅಗಲದ ಪಾರದರ್ಶಕ ಟೇಪ್ ಎಳೆದೆ, ನಿಂತಿತು.

ಎಂಟನೇ ಸಲದ ಹೊತ್ತಿಗೆ ಗೈಡ್‌ಗಳನ್ನೆಲ್ಲ ಮುಚ್ಚಿಟ್ಟಿದ್ದೆ. ಅಡಿಕೆ ಲೆಕ್ಕದ ಒಂದು ಪುಸ್ತಕ ತಗೊಂಡು, ಒತ್ತಿದ ಪ್ರತಿ ಕಮಾಂಡನ್ನೂ ಪರದೆ ಕೊಟ್ಟ ಉತ್ತರದ ಜೊತೆ ಬರೆದೆ. ಹದಿನೇಳು ಪುಟ ಆಯಿತು. ಒಂಬತ್ತನೇ ಸಲ ಮಷೀನ್ ಪೂರ್ತಿ ಅಳಿಸಿ, ಪಕ್ಕದ ಮನೆಯ ಪಿಯುಸಿ ಹುಡುಗನ ಕೈಗೆ ಪುಸ್ತಕ ಕೊಟ್ಟು ನಾನು ಹೊರಗೆ ಕೂತೆ. ಅವನು ಎರಡು ಕಡೆ ಕರೆದ. ಆ ಎರಡು ಕಡೆ ತಿದ್ದಿದೆ. ಸಂಜೆಗೆ ಕೋಹಾ ಎದ್ದು ಕೂತಿತ್ತು.

ಮೊನ್ನೆ ಸಾಗರದ ಕಡೆಯ ಒಬ್ಬರು ಬಂದು ಹದಿನೇಳು ಪುಟಗಳನ್ನೂ ಫೋಟೋ ಹೊಡೆದುಕೊಂಡು ಹೋದರು. ಮಾರನೇ ದಿನ ಫೋನು: ನಾಲ್ಕನೇ ಪುಟಕ್ಕೇ ನಿಂತಿದೆ. ಅವರ ಮಷೀನಿನಲ್ಲಿ ಕೋಹಾಕ್ಕೆ ಬೇಕಾದ 80ನೇ ಪೋರ್ಟಿನ ಮೇಲೆ ಮೊದಲೇ ಬೇರೊಂದು ಸಾಫ್ಟ್‌ವೇರ್ ಕೂತಿತ್ತು. ಖಾಲಿ ಮಷೀನ್ ಬೇಕು ಅಂತ ನಾನು ಎಲ್ಲೂ ಬರೆದೇ ಇರಲಿಲ್ಲ. ಈಗ ಮೊದಲ ಪುಟದಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿದ್ದೇನೆ.